ಅಟ್ಟದ ಮೇಲಿನ 700

2015ರ ಸುಮಾರಿಗೆ ಕಾಳುಮೆಣಸು ಕೆಜಿಗೆ 700 ರೂಪಾಯಿ ಮುಟ್ಟಿತ್ತು. ನಮ್ಮ ಆಲ್ದೂರಿನ ಹೋಟೆಲಿನಲ್ಲಿ ಆಗ ಎಲ್ಲರೂ ಕಾಲ ಮೇಲೆ ಕಾಲು ಹಾಕಿಕೊಂಡೇ ಕಾಫಿ ಕುಡಿಯುತ್ತಿದ್ದರು. ನನ್ನ ಅಟ್ಟದಲ್ಲೂ ಮೂರು ಚೀಲ ಇತ್ತು. ಮಾರಲಿಲ್ಲ. ಸಾವಿರ ಆಗಲಿ ಅಂತ ಕಾದೆ.

ರೇಟು ನನ್ನ ಮಾತು ಕೇಳಲಿಲ್ಲ. ವಿಯೆಟ್ನಾಂ ಮೆಣಸು ಬಂತು ಅಂದರು. 600 ಆಯ್ತು, 500 ಆಯ್ತು. ಅಕ್ಕಪಕ್ಕದವರು ಮಾರಿ ನಿದ್ದೆ ಮಾಡಿದರು. ನಾನು ಮಾತ್ರ 'ಈಗ ಕೊಟ್ಟರೆ ಕೆಜಿಗೆ 200 ಲುಕ್ಸಾನು' ಎಂದು ಲೆಕ್ಕ ಹಾಕುತ್ತಾ ಕೂತೆ. ಆ 700 ಒಂದು ದಿನವೂ ನನ್ನ ಜೇಬಿಗೆ ಬಂದಿರಲಿಲ್ಲ ಅನ್ನುವುದು ಬೇರೆ ಮಾತು.

ಒಂದು ಸಂಜೆ ಹೆಂಡತಿ ಕೇಳಿದಳು. "ರೀ, ಈಗ ಕೈಯಲ್ಲಿ ದುಡ್ಡಿದ್ರೆ ಈ ರೇಟಿಗೆ ಮೂರು ಚೀಲ ಕೊಂಡು ಅಟ್ಟಕ್ಕೆ ಹಾಕ್ತೀರಾ?"

"ನಂಗೇನು ಹುಚ್ಚಾ?"

"ಮತ್ತೆ ಇಟ್ಕೊಂಡಿರೋದ್ಯಾಕೆ?"

ನನಗೆ ತಕ್ಷಣ ತೋಟದಲ್ಲಿ ಏನೋ ಕೆಲಸ ನೆನಪಾಯಿತು.

ಈ ಕಾಯಿಲೆ ನನ್ನೊಬ್ಬನದಲ್ಲ ಅಂತ ತಿಳಿದದ್ದು ಎಕನಾಮಿಕ್ಸ್ ಓದುವ ಮಗಳಿಂದ. ಡೇನಿಯಲ್ ಕಾನೆಮನ್, ಏಮೋಸ್ ಟ್ವರ್ಸ್ಕಿ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು. 1974ರಲ್ಲಿ ಅವರು ಬರೆದ ಒಂದು ಪ್ರಯೋಗ ಹೀಗಿದೆ. ಜನರ ಮುಂದೆ ಒಂದು ಚಕ್ರ ತಿರುಗಿಸುತ್ತಾರೆ. ಅದು 10ರಲ್ಲೋ 65ರಲ್ಲೋ ನಿಲ್ಲುವ ಹಾಗೆ ಮೊದಲೇ ಕಿತಾಪತಿ ಮಾಡಿರುತ್ತಾರೆ. ಆಮೇಲೆ ಪ್ರಶ್ನೆ: ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ನೂರಕ್ಕೆಷ್ಟು? 10 ಕಂಡವರು 25ರ ಆಸುಪಾಸು ಹೇಳಿದರು, 65 ಕಂಡವರು 45. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ? ಏನೂ ಇಲ್ಲ. ನನ್ನ ಚಕ್ರ 700ರಲ್ಲಿ ನಿಂತಿತ್ತು, ಅಷ್ಟೇ.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಸಂಗಡಿಗರದ್ದು ಇನ್ನೊಂದು ಪ್ರಯೋಗ. ಅರ್ಧ ಜನಕ್ಕೆ ಸುಮ್ನೆ ಕಾಫಿ ಮಗ್ಗು ಕೊಟ್ಟರು. ಸಿಕ್ಕವರು ಮಾರಲು ಕೇಳಿದ ಬೆಲೆ, ಸಿಗದವರು ಕೊಡುತ್ತೇವೆಂದ ಬೆಲೆಗಿಂತ ಹೆಚ್ಚುಕಮ್ಮಿ ಎರಡರಷ್ಟು! ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು. "ಅದನ್ನೇ ಅಲ್ವಾ ನಾನು ಪುಕ್ಕಟೆ ಹೇಳಿದ್ದು?" ಅಂದಳು ಹೆಂಡತಿ. ಮಗಳು ಇದನ್ನು ಅವಳೆದುರು ಹೇಳಬಾರದಿತ್ತು.

ಅಷ್ಟರಲ್ಲಿ ಮಂಗ ಹೆಂಚು ಸರಿಸಿ, ಆಷಾಢದ ಮಳೆ ಒಳಗಿಳಿದು, ಒಂದು ಚೀಲಕ್ಕೆ ಬೂಷ್ಟು ಹಿಡಿಯಿತು. ಉಳಿದೆರಡನ್ನು ಚಿಕ್ಕಮಗಳೂರಿಗೆ ಹೊತ್ತೆ. ವ್ಯಾಪಾರಿ ಒಂದು ಹಿಡಿ ತೆಗೆದು, ಮೂಸಿ, ಕೈಮೀರಿದ ರೋಗಿಯನ್ನು ಡಾಕ್ಟರು ನೋಡುವಂತೆ ನನ್ನನ್ನು ನೋಡಿದರು. ಸಿಕ್ಕಿದ್ದು 300ರ ಲೆಕ್ಕ. ವಾಪಸ್ ಬಸ್ ಸ್ಟ್ಯಾಂಡಿಗೆ ಆಟೋದವನ ಜೊತೆ ಹತ್ತು ರೂಪಾಯಿಗೆ ಜಗಳವಾಡಿ ಗೆದ್ದೆ. ನಿಜ ಹೇಳಬೇಕೆಂದರೆ ಮನೆಗೆ ಬಂದದ್ದು ಖುಷಿಯಲ್ಲೇ.

ಈಚೆಗೆ ರೇಟು ಮತ್ತೆ ಏರಿತು. ಹೊಸ ಫಸಲನ್ನೂ ಅಟ್ಟಕ್ಕೇ ಹಾಕಿದ್ದೆ. ಮೊನ್ನೆ ಏಣಿ ಹತ್ತಿ ನೋಡಿದರೆ ಅಟ್ಟ ಖಾಲಿ. ಹೆಂಡತಿ ನನ್ನನ್ನು ಕೇಳದೇ 680ಕ್ಕೆ ಮಾರಿ, ದುಡ್ಡು ಬ್ಯಾಂಕಿಗೆ ಕಟ್ಟಿ ಬಂದಿದ್ದಳು. ಮಾರನೇ ದಿನ ರೇಟು 690 ಆಯಿತು. ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.