ಬೇರೆ ಇದ್ದ ಹೆಂಡ್ತಿಗೆ ಗಂಡನ ಆಸ್ತೀಲಿ ಹಕ್ಕಿಲ್ಲ ಅನ್ನೋ ಮೆಸೇಜ್ ಬಗ್ಗೆ ಸ್ಪಷ್ಟನೆ

"ಗಂಡನ ಜೊತೆ ಬಾಳದೆ ತವರಲ್ಲೇ ಇದ್ದ ಹೆಂಡ್ತಿಗೆ ಅವನು ಸತ್ತ ಮೇಲೆ ಮನೇಲೂ ಪಾಲಿಲ್ಲ, ಜೀವನಾಂಶನೂ ಇಲ್ಲ" ಅಂತ ಒಂದು ವಾಟ್ಸಾಪ್ ಮೆಸೇಜ್ ಓಡಾಡ್ತಿದೆ. ಇದು ತಪ್ಪು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡ ವಿಲ್ ಬರೀದೆ ತೀರಿಕೊಂಡ್ರೆ ವಿಧವೆ ಮೊದಲ ದರ್ಜೆ ವಾರಸುದಾರಳು, ಮಕ್ಕಳು ಮತ್ತೆ ಅತ್ತೆ ಇದ್ರೆ ಅವರ ಜೊತೆ ಅವಳಿಗೂ ಸಮಪಾಲು, ಎಷ್ಟು ವರ್ಷ ಬೇರೆ ಇದ್ರೂ ಅಷ್ಟೇ, ಡೈವೋರ್ಸ್ ಕೇಸ್ ಇನ್ನೂ ನಡೀತಾ ಇತ್ತು ಅಂದ್ರೂ ಅವಳು ಹೆಂಡ್ತಿನೇ. ಹೆಣ್ಣುಮಕ್ಕಳು ವಾಸದ ಮನೆ ಪಾಲು ಮಾಡಿ ಅಂತ ಕೇಳೋಕೆ ಅಡ್ಡ ಇದ್ದ 23ನೇ ಸೆಕ್ಷನ್ನೂ 2005ರಲ್ಲೇ ಹೋಯ್ತು.

ಗಂಡ ಸ್ವಯಾರ್ಜಿತ ಆಸ್ತಿನ ಬೇರೆಯವರಿಗೆ ವಿಲ್ ಬರೆದಿದ್ರೆ ಅದರಲ್ಲಿ ಪಾಲು ಸಿಗಲ್ಲ, ನಿಜ. ಆಗ್ಲೂ ಮರುಮದುವೆ ಆಗಿಲ್ಲ ಅಂದ್ರೆ, ಆಸ್ತಿ ಪಡೆದವರಿಂದ ಜೀವನಾಂಶ ಕೇಳೋಕೆ ದತ್ತಕ ಮತ್ತು ಜೀವನಾಂಶ ಕಾಯ್ದೆಯ 22ನೇ ಸೆಕ್ಷನ್ ಇದೆ.

ಸಂಕಟ ಆಗೋದು ಏನಂದ್ರೆ, ಇಂಥ ಮೆಸೇಜ್ ನಂಬಿ ವಂಶವೃಕ್ಷದಲ್ಲೇ ಅವಳ ಹೆಸರು ಬಿಟ್ಟು ಪೌತಿ ಖಾತೆ (ಸತ್ತವರ ಹೆಸರಲ್ಲಿದ್ದ ಖಾತೆನ ವಾರಸುದಾರರ ಹೆಸರಿಗೆ ಬದಲಾಯಿಸೋದು) ಮಾಡಿಸಿಬಿಡ್ತಾರೆ, ಅವಳೂ ಸುಮ್ನಾಗಿಬಿಡ್ತಾಳೆ. ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹೋಗಲ್ಲ, ಸಿವಿಲ್ ಕೋರ್ಟಲ್ಲಿ ಪಾಲಿಗೆ ದಾವೆ ಹಾಕಬಹುದು.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ, ಕಳಿಸಿದ್ರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.