ಚಾಂಪಿಯನ್ನರ ತೂಕಕ್ಕೆ ತಿಪಟೂರಿನ ತಕ್ಕಡಿ

ವೃತ್ತಿಪರ ಬಾಕ್ಸಿಂಗಿನ ಚಾಂಪಿಯನ್ನರನ್ನು ತೂಗುವ ಹೊಣೆಯನ್ನು ಇನ್ನು ಮುಂದೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ವಹಿಸಿಕೊಡಬೇಕೆಂದು ತುಮಕೂರು ಜಿಲ್ಲೆಯ ನಾಗರಿಕನಾಗಿ ಸಂಬಂಧಪಟ್ಟ ಎಲ್ಲರಲ್ಲೂ ವಿನಂತಿಸಿಕೊಳ್ಳುತ್ತೇನೆ. ಒಂದು ವಸ್ತುವಿನ ತೂಕದಲ್ಲಿ ನೀರೆಷ್ಟು, ತಿರುಳೆಷ್ಟು ಎಂಬ ಪ್ರಶ್ನೆಗೆ ನಮ್ಮ ಸೀಮೆಯವರಷ್ಟು ತಲೆ ಕೆಡಿಸಿಕೊಂಡವರು ಅಪರೂಪ. ಇಲ್ಲಿನ ರೈತರು ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಚಿಪ್ಪು ಬಿಡುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಅಷ್ಟು ಕಾದು ತಂದ ಉಂಡೆ ಕೊಬ್ಬರಿಯಲ್ಲಿ ತುಸು ಹಸಿ ಉಳಿದಿದ್ದರೂ ಬೆಂಬಲ ಬೆಲೆಯ ಖರೀದಿ ಕೇಂದ್ರದವರು ಚೀಲವನ್ನು ಮುಲಾಜಿಲ್ಲದೆ ವಾಪಸು ಕಳಿಸುತ್ತಾರೆ.

ಮನುಷ್ಯರನ್ನು ತೂಗುವ ಬಾಕ್ಸಿಂಗಿನಲ್ಲಿ ಇಷ್ಟು ಬಿಗಿ ಇಲ್ಲ. ಅಲ್ಲಿ ಹದಿನೇಳು ತೂಕದ ವಿಭಾಗಗಳಿವೆ, ನಾಲ್ಕು ದೊಡ್ಡ ಸಂಸ್ಥೆಗಳು ಪ್ರತಿಯೊಂದು ವಿಭಾಗಕ್ಕೂ ಬೇರೆಬೇರೆ ಪಟ್ಟ ಕಟ್ಟಿ ಬೆಲ್ಟ್ ತೊಡಿಸುತ್ತವೆ, ಪಂದ್ಯಕ್ಕೆ ಒಂದು ದಿನ ಮುಂಚೆಯೇ ತೂಕ ನೋಡಲಾಗುತ್ತದೆ. ತೂಕ ಇಳಿಸಬೇಕಾದವನು ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುತ್ತಾನೆ, ಹಬೆಯ ಕೋಣೆಯಲ್ಲಿ ಕುಳಿತು ಬೆವರುತ್ತಾನೆ, ನೀರು ಬಿಡುತ್ತಾನೆ, ಬಾಯಲ್ಲಿ ಉಳಿದ ಎಂಜಲನ್ನೂ ಉಗುಳಿ ಹಗುರಾಗುತ್ತಾನೆ. ಕೆನ್ನೆ ಬತ್ತಿದ ಆ ಆಕೃತಿ ಒಳಚಡ್ಡಿಯಲ್ಲಿ ತಕ್ಕಡಿ ಹತ್ತಿ, ತೋಳುಬ್ಬಿಸಿ ಫೋಟೊ ಕೊಟ್ಟು, ಇಳಿದ ಕೂಡಲೇ ಬಾಟಲಿಗೆ ಬಾಯಿಡುತ್ತದೆ. ಮರುದಿನ ರಾತ್ರಿಯ ಹೊತ್ತಿಗೆ ಕಳೆದುಕೊಂಡ ನೀರೆಲ್ಲ ಮೈಗೆ ಮರಳಿ, ಪ್ರಮಾಣಪತ್ರದಲ್ಲಿರುವ ಮನುಷ್ಯನಿಗಿಂತ ಹಲವು ಕಿಲೋ ಹೆಚ್ಚಿನ ಬೇರೊಬ್ಬನು ಅವನದೇ ಹೆಸರಿನಲ್ಲಿ ರಿಂಗಿಗೆ ಇಳಿಯುತ್ತಾನೆ.

2000ನೇ ಇಸವಿಯ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದದ್ದು ಇದರ ಪಕ್ಕಾ ಮಾದರಿ. ಆರ್ಟುರೊ ಗ್ಯಾಟಿ ಎಂಬ ಮಾಜಿ ಚಾಂಪಿಯನ್ ಸುಮಾರು 64 ಕೆಜಿಯ ಮಿತಿಯ ಪಂದ್ಯಕ್ಕೆ ತೂಕ ಕೊಟ್ಟು, ಮರುದಿನ ಸುಮಾರು 72 ಕೆಜಿಯವರಾಗಿ ರಿಂಗಿಗೆ ಬಂದರು. ಎದುರಾಳಿ ಜೋಯಿ ಗಮಾಶ್ ಎರಡನೆಯ ಸುತ್ತಿನಲ್ಲಿ ನೆಲಕ್ಕುರುಳಿದರು. ಮಿದುಳಿಗಾದ ಪೆಟ್ಟಿನಿಂದ ಅವರು ಮತ್ತೆಂದೂ ಪಂದ್ಯವಾಡಲಿಲ್ಲ. ತೂಕ ನೋಡುವಾಗ ಅಧಿಕಾರಿಗಳು ನಿರ್ಲಕ್ಷ್ಯ ತೋರಿದ್ದು ನಿಜ, ಆದರೆ ಪೆಟ್ಟಿಗೆ ಆ ತೂಕವೇ ಕಾರಣವೆಂದು ಸಾಬೀತಾಗಿಲ್ಲ, ಆದ್ದರಿಂದ ಪರಿಹಾರವಿಲ್ಲ ಎಂದು ನ್ಯಾಯಾಲಯ ತೀರ್ಪು ಕೊಡುವಾಗ 2010 ಬಂದಿತ್ತು. ಈ ಸಂಗತಿಯನ್ನು ಮಂಡಿಯೊಂದರ ಹಿರಿಯ ಗುಮಾಸ್ತರಿಗೆ ವಿವರಿಸಿದಾಗ ಅವರು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ ಹೇಳಿದರು: "ಇವತ್ತು ತೂಗಿದ ಚೀಲ ನಾಳೆ ಎಂಟು ಕೆಜಿ ಜಾಸ್ತಿ ಬಂತು ಅಂದ್ರೆ ನಮ್ಮಲ್ಲಿ ಲೈಸೆನ್ಸ್ ಹೋಗುತ್ತೆ ಸ್ವಾಮಿ. ಅಲ್ಲಿ ಬೆಲ್ಟ್ ಕೊಡ್ತಾರಾ?"

ಕೊಡುತ್ತಾರೆ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ತೂಕ ಇಳಿಸಿದವರಿಗಷ್ಟೇ ಅಲ್ಲ, ಏರಿಸಿದವರಿಗೂ ಕೊಡುತ್ತಾರೆ, ಏರಿಸಿ ಇಳಿಸಿದವರಿಗಂತೂ ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತಾರೆ. ಅಮೆರಿಕದ ರಾಯ್ ಜೋನ್ಸ್ ಜೂನಿಯರ್ 1993ರಲ್ಲಿ ಸುಮಾರು 72.5 ಕೆಜಿ ಮಿತಿಯ ಮಿಡಲ್‌ವೇಟ್ ಪಟ್ಟವನ್ನೂ 1994ರಲ್ಲಿ ಅದರ ಮೇಲಿನ ವಿಭಾಗದ ಪಟ್ಟವನ್ನೂ ಗೆದ್ದು, ಆಮೇಲೆ ಲೈಟ್ ಹೆವಿವೇಟ್ ವಿಭಾಗವನ್ನು ವರ್ಷಗಟ್ಟಲೆ ಆಳಿ, 2003ರ ಮಾರ್ಚ್ 1ರಂದು ಲಾಸ್ ವೇಗಸ್‌ನಲ್ಲಿ ತಮಗಿಂತ ಸುಮಾರು 15 ಕೆಜಿ ಭಾರದ ಜಾನ್ ರೂಯಿಜ್ ಅವರನ್ನು ಸೋಲಿಸಿ, ತೂಕಕ್ಕೆ ಮೇಲ್ಮಿತಿಯೇ ಇಲ್ಲದ ಹೆವಿವೇಟ್ ಪಟ್ಟಕ್ಕೇರಿದರು. ಮಿಡಲ್‌ವೇಟ್‌ನಲ್ಲಿ ಚಾಂಪಿಯನ್ ಆಗಿದ್ದವರೊಬ್ಬರು ಹೆವಿವೇಟ್ ಪಟ್ಟ ಗೆದ್ದದ್ದು 1897ರ ಬಾಬ್ ಫಿಟ್ಸಿಮನ್ಸ್ ನಂತರ ಅದೇ ಮೊದಲು. ಆಗ ಅವರಿಗೆ 34 ವರ್ಷ. ಕೈಮುಗಿದು ಮನೆಗೆ ಹೋಗಲು ಇದಕ್ಕಿಂತ ಒಳ್ಳೆಯ ಮುಹೂರ್ತವನ್ನು ಯಾವ ಪಂಚಾಂಗದವರೂ ಹುಡುಕಿಕೊಡಲಾರರು.

ಆದರೆ ಅದೇ ನವೆಂಬರಿನಲ್ಲಿ ಅವರು ಮತ್ತೆ 79 ಕೆಜಿ ಆಸುಪಾಸಿನ ಹಳೆಯ ವಿಭಾಗಕ್ಕೆ ಇಳಿದರು. ಹೆವಿವೇಟ್‌ಗಾಗಿ ಕಟ್ಟಿಕೊಂಡದ್ದು ಬರೀ ನೀರಲ್ಲ, ಮಾಂಸಖಂಡ. ಅದನ್ನು ಕೆಲವೇ ತಿಂಗಳಲ್ಲಿ ಕರಗಿಸಿಕೊಂಡು ಆಂಟೊನಿಯೊ ಟಾರ್ವರ್ ಎದುರು ಬಂದ ಅವರು ಸೊರಗಿ ಕಂಡರೂ ಕೂದಲೆಳೆಯಲ್ಲಿ ಗೆದ್ದರು. ಮುಂದಿನ ಮೇ ತಿಂಗಳಲ್ಲಿ ಅದೇ ಟಾರ್ವರ್ ಎರಡನೆಯ ಸುತ್ತಿನಲ್ಲೇ ಅವರನ್ನು ಮಲಗಿಸಿದರು. ಸೆಪ್ಟೆಂಬರಿನಲ್ಲಿ ಗ್ಲೆನ್ ಜಾನ್ಸನ್ ಒಂಬತ್ತನೆಯ ಸುತ್ತಿನಲ್ಲಿ ಹೊಡೆದ ಏಟಿಗೆ ಅವರು ನಿಮಿಷಗಟ್ಟಲೆ ಏಳಲಿಲ್ಲ. ಇಷ್ಟಾದ ಮೇಲಾದರೂ ನಿವೃತ್ತಿ ಎಂದು ನಮ್ಮಂಥ ಸಾಮಾನ್ಯರು ಭಾವಿಸುತ್ತೇವೆ. ಜೋನ್ಸ್ 2015ರಲ್ಲಿ ರಷ್ಯಾದ ಪೌರತ್ವ ಪಡೆದು, ಆ ವರ್ಷದ ಕೊನೆಗೆ ಮಾಸ್ಕೋದಲ್ಲಿ ಎಂಜೊ ಮ್ಯಾಕರಿನೆಲ್ಲಿ ಕೈಯಲ್ಲಿ ಮತ್ತೊಮ್ಮೆ ನೆಲ ಕಂಡರು. 2018ರಲ್ಲಿ ಹುಟ್ಟೂರು ಪೆನ್ಸಕೋಲಾದಲ್ಲಿ ಗೆದ್ದು ವಿದಾಯವನ್ನೂ ಹೇಳಿದರು. 2020ರಲ್ಲಿ ಮೈಕ್ ಟೈಸನ್ ಜತೆ ಪ್ರದರ್ಶನ ಪಂದ್ಯವಾಡಿ, 2023ರಲ್ಲಿ 54ರ ವಯಸ್ಸಿಗೆ ಮತ್ತೆ ರಿಂಗಿಗಿಳಿದು ಸೋತರು. ವಿದಾಯವನ್ನು ಇಷ್ಟು ದೀರ್ಘಕಾಲ ಹದಗೆಡದಂತೆ ಇಟ್ಟುಕೊಳ್ಳುವ ಕಲೆ ನಮ್ಮ ರಾಜಕಾರಣಿಗಳನ್ನು ಬಿಟ್ಟರೆ ಬಾಕ್ಸರುಗಳಿಗೇ ಒಲಿದಿರುವುದು.

ತಡೆಯಬೇಕಾದವರು ಏನು ಮಾಡುತ್ತಿರುತ್ತಾರೆ ಎಂದು ಕೇಳುವವರಿಗೆ ಮಹಮ್ಮದ್ ಅಲಿ ಅವರ ಕೊನೆಯ ವರ್ಷಗಳನ್ನು ತೋರಿಸಬೇಕು. 1979ರಲ್ಲಿ ನಿವೃತ್ತಿ ಘೋಷಿಸಿದ್ದ ಅಲಿ 38ನೇ ವಯಸ್ಸಿನಲ್ಲಿ ಲ್ಯಾರಿ ಹೋಮ್ಸ್ ವಿರುದ್ಧ ಮರಳಲು ಹೊರಟಾಗ ನೆವಾಡ ರಾಜ್ಯದ ಅಧಿಕಾರಿಗಳಿಗಾಗಿ ಮೇಯೊ ಕ್ಲಿನಿಕ್‌ನಲ್ಲಿ ತಪಾಸಣೆ ನಡೆಯಿತು. ಬೆರಳಿನಿಂದ ಮೂಗು ಮುಟ್ಟುವಾಗ ಗುರಿ ತುಸು ತಪ್ಪುತ್ತದೆ, ಒಂಟಿಕಾಲಿನ ಕುಪ್ಪಳಿಕೆಯಲ್ಲಿ ನಿರೀಕ್ಷಿಸಿದ ಚುರುಕಿಲ್ಲ ಎಂದು ವೈದ್ಯರು ಬರೆದರು. ಅದನ್ನು ಓದಿದ ಅಧಿಕಾರಿಗಳು ಪರವಾನಗಿ ಕೊಟ್ಟರು. ಮೂಗು ತನ್ನದೇ, ಎದುರಾಳಿಯದಲ್ಲವಲ್ಲ ಎಂಬ ಸಮಾಧಾನ ಇದ್ದಿರಬೇಕು. ಇತ್ತ ಅಲಿ ಥೈರಾಯ್ಡ್ ಔಷಧ ನುಂಗುತ್ತ ಹತ್ತಾರು ಕಿಲೋ ಇಳಿಸಿಕೊಂಡರು. ಹೊಟ್ಟೆ ಕರಗಿ ಸೊಂಟ ಸಣ್ಣಗಾದದ್ದನ್ನು ಕಂಡ ಅಭಿಮಾನಿಗಳು ಯೌವನವೇ ಮರಳಿತೆಂದು ಸಂಭ್ರಮಿಸಿದರು. 1980ರ ಅಕ್ಟೋಬರ್ 2ರಂದು ಆ ಯೌವನವು ಕೈಯೆತ್ತಲೂ ತ್ರಾಣವಿಲ್ಲದೆ ಹತ್ತು ಸುತ್ತು ಏಟು ತಿಂದ ಮೇಲೆ ತರಬೇತುದಾರ ಏಂಜೆಲೊ ಡಂಡೀ ಪಂದ್ಯ ನಿಲ್ಲಿಸಿದರು.

ಅದು ಕೊನೆಯ ಪಂದ್ಯವಲ್ಲ ಎಂಬುದನ್ನು ಓದುಗರು ಈಗಾಗಲೇ ಊಹಿಸಿರಬಹುದು. 1981ರ ಡಿಸೆಂಬರಿನಲ್ಲಿ ಬಹಾಮಾಸ್ ದ್ವೀಪದಲ್ಲಿ ಟ್ರೆವರ್ ಬರ್ಬಿಕ್ ಎದುರು ಇನ್ನೊಂದು ಪಂದ್ಯ ಏರ್ಪಾಟಾಯಿತು. ಆಯೋಜಕರ ಬಳಿ ಸುತ್ತು ಸಾರಲು ಗಂಟೆಯೂ ಇರಲಿಲ್ಲ. ಹಸುವಿನ ಕೊರಳ ಗಂಟೆ ತಂದು ಬಾರಿಸಿದರು. ಅಮೃತ್ ಮಹಲ್ ರಾಸುಗಳ ಸೀಮೆಯವನಾದ ನನಗೆ ಇದರಲ್ಲಿ ಅವಮಾನವೇನೂ ಕಾಣುವುದಿಲ್ಲ, ಆದರೆ ನಮ್ಮಲ್ಲಿ ಆ ಗಂಟೆ ಕೇಳಿದರೆ ರಾಸು ಮನೆಗೆ ಮರಳುತ್ತಿದೆ ಎಂದು ಅರ್ಥ. ಅಲಿ ಸೋತರು. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಪತ್ತೆಯಾದವು.

ಇಂಥದ್ದನ್ನು ನಾವೂ ಪ್ರೀತಿಯಿಂದ ಪೋಷಿಸುತ್ತೇವೆ. ಅಮೆರಿಕದ ಶನಿವಾರ ರಾತ್ರಿ ನಮಗೆ ಭಾನುವಾರ ಬೆಳಗ್ಗೆಯಾದ್ದರಿಂದ, ನೀರಿಲ್ಲದೆ ಒಣಗಿ ಬಂದವರ ಕಾಳಗವನ್ನು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮುಂದೆ ಕುಳಿತು ಮೊಬೈಲಿನಲ್ಲಿ ನೋಡುತ್ತ, "ಇನ್ನೂ ಎರಡು ವರ್ಷ ಆಡಬಹುದು" ಎಂದು ಪ್ರಮಾಣಪತ್ರ ಕೊಡುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. 2018ರಲ್ಲಿ ಮೇರಿ ಕೋಮ್ ಪೋಲೆಂಡ್‌ನಲ್ಲಿ ನಾಲ್ಕು ತಾಸಿನಲ್ಲಿ ಎರಡು ಕೆಜಿ ಇಳಿಸಿ ಚಿನ್ನ ಗೆದ್ದಾಗ ನಾವು ಚಪ್ಪಾಳೆ ತಟ್ಟಿದ್ದು ಚಿನ್ನಕ್ಕೋ ಇಳಿಸಿದ ಎರಡು ಕೆಜಿಗೋ ಎಂದು ಈಗ ಬೇರ್ಪಡಿಸುವುದು ಕಷ್ಟ.

ಪಟ್ಟ ಕಟ್ಟುವ ಸಂಸ್ಥೆಗಳಂತೂ ಯಾರನ್ನೂ ನಿವೃತ್ತಿಯಾಗಲು ಬಿಡುವುದಿಲ್ಲ. ಅವುಗಳಲ್ಲೊಂದು ನಿವೃತ್ತರಾದ ಹೆವಿವೇಟ್ ಚಾಂಪಿಯನ್ ವಿಟಾಲಿ ಕ್ಲಿಚ್‌ಕೊ ಅವರಿಗೆ ‘ಎಮೆರಿಟಸ್ ಚಾಂಪಿಯನ್’, ಅಂದರೆ ಗೌರವ ಚಾಂಪಿಯನ್, ಎಂಬ ಬಿರುದು ಕೊಟ್ಟಿತ್ತು. ಆ ಬಿರುದಿನ ಬಲದಿಂದ 2008ರಲ್ಲಿ ಅವರು ನೇರವಾಗಿ ಪಟ್ಟದ ಪಂದ್ಯಕ್ಕೇ ಮರಳಿ ಗೆದ್ದರು. ಫಿಲಿಪ್ಪೀನ್ಸ್‌ನ ಮ್ಯಾನಿ ಪ್ಯಾಕಿಯಾವೊ 2010ರಲ್ಲಿ ಸುಮಾರು 70 ಕೆಜಿ ಮಿತಿಯ ವಿಭಾಗದ ಪಟ್ಟ ಗೆದ್ದಾಗ ಅವರ ತೂಕ 66 ಕೆಜಿಯನ್ನೂ ಮುಟ್ಟಿರಲಿಲ್ಲ. ಪಂದ್ಯದ ಮಿತಿಯನ್ನು ಒಪ್ಪಂದದಲ್ಲೇ 68ಕ್ಕೆ ಇಳಿಸಿಕೊಳ್ಳಲಾಗಿತ್ತು, ಪಟ್ಟದ ಹೆಸರು ಮಾತ್ರ 70ರದೇ ಉಳಿಯಿತು. ಹುಡುಗನಾಗಿದ್ದಾಗ ತೂಕ ಸಾಲದೆ ಜೇಬಿನಲ್ಲಿ ಭಾರ ಇಟ್ಟುಕೊಂಡು ತಕ್ಕಡಿ ಹತ್ತಿದ್ದೆನೆಂದು ಅವರೇ ಹೇಳಿಕೊಂಡಿದ್ದಾರೆ. ಚೀಲದ ತಳದಲ್ಲಿ ಹಸಿ ಕೊಬ್ಬರಿ ತುಂಬುವವರ ಬಗ್ಗೆ ನಮ್ಮ ಗುಮಾಸ್ತರು ಇಷ್ಟು ಅಕ್ಕರೆಯಿಂದ ಮಾತನಾಡುವುದಿಲ್ಲ.

ಅದೇ ಪ್ಯಾಕಿಯಾವೊ 2016ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ನಿವೃತ್ತರಾಗಿ, 2025ರ ಮೇ ತಿಂಗಳ ಸೆನೆಟ್ ಚುನಾವಣೆಯಲ್ಲಿ ಸೋತು, ಜುಲೈನಲ್ಲಿ 46ರ ಹರೆಯದಲ್ಲಿ ರಿಂಗಿಗೆ ಮರಳಿದರು. ಸುಮಾರು ನಾಲ್ಕು ವರ್ಷ ಒಂದೂ ವೃತ್ತಿಪರ ಪಂದ್ಯ ಆಡದವರಿಗೆ ಎದುರಾದದ್ದು ಆಗಿನ ಚಾಂಪಿಯನ್ ಮಾರಿಯೊ ಬಾರಿಯೊಸ್, ಪಣಕ್ಕಿದ್ದದ್ದು ವಿಶ್ವ ಪಟ್ಟ. ಸೋತಿದ್ದರೆ ಮರ್ಯಾದೆ ಉಳಿಸಿಕೊಳ್ಳಲು ಇನ್ನೊಂದು ಪಂದ್ಯ ಬೇಕಾಗುತ್ತಿತ್ತು, ಗೆದ್ದಿದ್ದರೆ ಪಟ್ಟ ಉಳಿಸಿಕೊಳ್ಳಲು ಇನ್ನೊಂದು ಬೇಕಾಗುತ್ತಿತ್ತು. ಪಂದ್ಯ ಡ್ರಾ ಆಯಿತು, ಹಾಗಾಗಿ ಎರಡೂ ಕಾರಣಗಳು ಒಟ್ಟಿಗೇ ಸಿಕ್ಕಿದವು.