ಮುತ್ತಜ್ಜನ ಬಂಡಿ ಮತ್ತು ಸೀತತ್ತೆಯ ಬಾಣಲೆ

ಮುತ್ತಜ್ಜನ ಬಗ್ಗೆ ನಾನು 96 ಪುಟದ ಪುಸ್ತಕ ಬರೆದೆ. ಯಾರೂ ಕೇಳಿರಲಿಲ್ಲ, ಸುಮ್ನೆ ಬರೆದೆ. ಆಮೇಲೆ ಚಿತ್ರದುರ್ಗದ ಗ್ರಂಥಾಲಯವೊಂದರಲ್ಲಿ 'ಲೇಖಕರೊಂದಿಗೆ ಮಾತುಕತೆ' ಅಂತ ಇಟ್ಟುಕೊಂಡರು.

ಹೋಗಿ ನೋಡಿದರೆ ಇಪ್ಪತ್ತು ಜನ! ಎದೆ ಉಬ್ಬಿತು. ಅದರಲ್ಲಿ ಹನ್ನೆರಡು ಜನ ಪೇಪರ್ ಓದೋಕೆ ದಿನಾ ಬರುವವರು, ಫ್ಯಾನ್ ಇದ್ದದ್ದು ಆ ಹಾಲಿನಲ್ಲಿ ಮಾತ್ರ ಅಂತ ಆಮೇಲೆ ತಿಳಿಯಿತು. ಉಳಿದವರು ನಮ್ಮ ನೆಂಟರು. ನನ್ನನ್ನು ಕೂರಿಸಿದ್ದು 'ಮೌನವಾಗಿರಿ' ಬೋರ್ಡಿನ ಕೆಳಗೆ. ಎಲ್ಲಾ ಫೋಟೋದಲ್ಲೂ ನಾನು ಬಾಯಿ ತೆರೆದಿದ್ದೇನೆ, ಮೇಲೆ ಬೋರ್ಡು ಬೈಯುತ್ತಿದೆ.

ಪುಸ್ತಕದ ಜೀವಾಳವೇ ಮಾರಿಕಣಿವೆ. ಹಿರಿಯೂರಿನ ಹತ್ತಿರ ವೇದಾವತಿಗೆ ಆ ಅಣೆಕಟ್ಟು ಕಟ್ಟುವಾಗ ಮುತ್ತಜ್ಜ ಸ್ವಂತ ಬಂಡಿಯಲ್ಲಿ ಕಲ್ಲು ಹೇರಿದ್ದ. ಇದನ್ನು ಹೇಳುವಾಗ ದನಿ ಸ್ವಲ್ಪ ನಡುಗಿಸಿದೆ ಕೂಡ. ಹಿಂದಿನ ಸಾಲಿನ ಕನ್ನಡಕದವರೊಬ್ಬರು ಪೇಪರ್ ಮಡಚಿಟ್ಟು ಎದ್ದರು.

"ಸಾರ್, ಸಣ್ಣ ಲೆಕ್ಕ. ಮೂರನೇ ಪುಟದಲ್ಲಿ ಅಜ್ಜ ಹುಟ್ಟಿದ್ದು 1901 ಅಂತಿದೆ. ಮಾರಿಕಣಿವೆ ಕೆಲಸ ಶುರುವಾಗಿದ್ದು 1897ರಲ್ಲಿ, ಮುಗಿದದ್ದು 1907ರಲ್ಲಿ. ಆರು ವರ್ಷದ ಹುಡುಗ ಬಂಡಿ ಹೊಡೆದನಾ?"

"ಓಬವ್ವನ ಊರು ಸ್ವಾಮಿ, ಇಲ್ಲಿ ಎಲ್ಲಾ ಆಗುತ್ತೆ" ಅಂತ ಇನ್ನೊಬ್ಬರು. ಹಾಲಿನ ತುಂಬಾ ನಗು. ಫ್ಯಾನ್ ತಿರುಗುತ್ತಲೇ ಇತ್ತು, ನಾನು ಮಾತ್ರ ಬೆವೆತೆ.

ಆಗ ಮುಂದಿನ ಸಾಲಿನಿಂದ ದಾವಣಗೆರೆಯ ಸೀತತ್ತೆ ಎದ್ದರು. ಎಂಬತ್ತರ ಮೇಲಾದರೂ ಅವರಿಗೆ ಮೈಕು ಬೇಡ.

"ಲೇ ತಮ್ಮಾ, 1901 ತಾತಂದಲ್ಲ, ತಾತನ ಕೊನೇ ತಮ್ಮಂದು. ಯಾವನು ಹೇಳಿದ್ದು ನಿಂಗೆ?"

"ನೀವೇ ಅತ್ತೆ. ಫೋನಲ್ಲಿ."

"ಆವತ್ತು ಬಾಣಲೆಯಲ್ಲಿ ಮಿರ್ಚಿ ಇತ್ತು ಕಣೋ. ಅಂಥ ಹೊತ್ತಲ್ಲಿ ಇಸವಿ ಕೇಳ್ತಾರೇನು?"

ಹತ್ತು ವರ್ಷ ಮೊದಲು ಕೇಳಿದ್ದರೆ ಬೇರೆ ಇಸವಿ ಹೇಳುತ್ತಿದ್ದರೋ ಏನೋ. ಅಂತೂ ಸಭೆ ನನ್ನ ಕೈಬಿಟ್ಟಿತು. 1933ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ತಾತ ಮನೆಮಂದಿಯನ್ನೆಲ್ಲ ಬಂಡಿಯಲ್ಲಿ ತುಂಬಿಕೊಂಡು ಹೋಗಿದ್ದು, ಆ ಗಲಾಟೆಯಲ್ಲಿ ರೊಟ್ಟಿಗಂಟು ಮನೆಯಲ್ಲೇ ಉಳಿದದ್ದು, ಅಜ್ಜಿ ಅದನ್ನೇ ಹಿಡಿದುಕೊಂಡು ಸಾಯುವ ತನಕ ಆಡಿಕೊಂಡದ್ದು, ಎಲ್ಲಾ ಅತ್ತೆಯೇ ಹೇಳಿದರು. ಇದ್ಯಾವುದೂ ನನ್ನ ಪುಸ್ತಕದಲ್ಲಿ ಇಲ್ಲ. "ಆಮೇಲೆ ಕೋಡಿ ಬಿದ್ದಿದ್ದು 2022ಕ್ಕೇ" ಅಂದದ್ದೇ ತಡ, ಪೇಪರಿನವರೆಲ್ಲ ತಾವು ನೋಡಿದ್ದು ಹೇಳೋಕೆ ಶುರುಮಾಡಿದರು. 89 ವರ್ಷ ಕಾದ ನೀರು, ಅಲ್ವಾ? ಒಬ್ಬರು ಮೊಬೈಲಲ್ಲಿ ವಿಡಿಯೋ ಹಚ್ಚಿದರು. ಗ್ರಂಥಪಾಲಕರೂ ಬಂದು ಇಣುಕಿದರು. ನಾನೂ ಎದ್ದು ಹೋಗಿ ನೋಡಿದೆ, ಕೂತು ಮಾಡೋದೇನು?

ಮೂರು ಪ್ರತಿ ಮಾರಾಟವಾದವು. ಮೂರನ್ನೂ ಕೊಂಡದ್ದು ಅತ್ತೆಯೇ, ಸೊಸೆಯರಿಗೆ ಕೊಡೋಕೆ. ಒಂದನ್ನು ಗ್ರಂಥಾಲಯಕ್ಕೆ ನಾನೇ ಪುಕ್ಕಟೆ ಕೊಟ್ಟು ಬಂದೆ.

ಎರಡು ತಿಂಗಳ ಮೇಲೆ ಹೋದಾಗ ಆಸೆಯಿಂದ ತೆಗೆದು ನೋಡಿದೆ. ಮೂರನೇ ಪುಟದಲ್ಲಿ ಯಾರೋ ಪೆನ್ಸಿಲಿನಲ್ಲಿ 1901ಕ್ಕೆ ಗೀಟು ಹೊಡೆದು ಪಕ್ಕದಲ್ಲಿ ಬರೆದಿದ್ದರು: "ಮಿರ್ಚಿ".